ಬೀಗರೂಟದ ರಾತ್ರಿ ಹಿಡಿದ ಹೆಬ್ಬೆರಳು: ಯೂರಿಕ್ ಆಸಿಡ್ 9.1, ಬೇಳೆ ಸಾರು ಬಿಡಬೇಕಾ?

ಕಬ್ಬಿನಗದ್ದೆ

ಎಲ್ಲರಿಗೂ ನಮಸ್ಕಾರ. ವಯಸ್ಸು 43, ತೂಕ 91 ಕೆಜಿ, ಮಂಡ್ಯ ಹತ್ತಿರದ ಹಳ್ಳಿ. ಎರಡು ತಿಂಗಳ ಹಿಂದೆ ದೊಡ್ಡಪ್ಪನ ಮಗನ ಮದುವೆ ಆಯ್ತು, ಆಮೇಲೆ ಬೀಗರೂಟ. ನಮ್ಮ ಕಡೆಯ ಬೀಗರೂಟ ಗೊತ್ತಲ್ಲ? ಮುದ್ದೆ, ಬೋಟಿ ಗೊಜ್ಜು, ತಲೆಮಾಂಸ, ಕಾಲು ಸೂಪು. ಸಂಜೆ ತೋಟದ ಮನೆಯಲ್ಲಿ ಬಿಯರ್. ಎಷ್ಟು ಅಂತ ಬರೆಯಲ್ಲ, ಹೆಂಡತಿಯೂ ಇದನ್ನು ಓದಬಹುದು.

ರಾತ್ರಿ ಮೂರು ಗಂಟೆಗೆ ಎಚ್ಚರ ಆಯ್ತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ನೋವು. ಹೊದಿಕೆಯ ಅಂಚು ತಾಗಿದರೂ ಜೀವ ಹೋಗುತ್ತಿತ್ತು. ಫ್ಯಾನ್ ಗಾಳಿ ಬಿದ್ದರೂ ತಡೆಯೋಕಾಗದೆ ಫ್ಯಾನ್ ಆರಿಸಿ ಕೂತೆ. ಬೆಳಗಾದ ಮೇಲೆ ನೋಡಿದರೆ ಬೆರಳು ಕೆಂಪಗೆ ಊದಿ, ಚರ್ಮ ಮಿರಮಿರ ಅಂತಿತ್ತು. ಅಮ್ಮ ಮುಳ್ಳು ಅಂದರು. ಪಕ್ಕದ ಮನೆಯವರು ಉಳುಕು ಅಂದರು. ಉಳುಕು ತೆಗೆಯೋರ ಹತ್ತಿರ ಹೋದೆ. ಎಣ್ಣೆ ಹಚ್ಚಿ ಬೆರಳು ಹಿಡಿದು ಒಂದು ಸಲ ಎಳೆದರು. ನನ್ನ ಕೂಗಿಗೆ ಅವರ ಮನೆ ಹಸು ಕಣ್ಣಿ ಕಿತ್ತುಕೊಂಡು ಹೋಯ್ತು.

ಮೂರನೇ ದಿನ ರಕ್ತ ಪರೀಕ್ಷೆ ಮಾಡಿಸಿದೆ. ಯೂರಿಕ್ ಆಸಿಡ್ 6.4. ‘ನಾರ್ಮಲ್, ಗೌಟ್ ಇಲ್ಲ’ ಅಂದರು. ಗೌಟ್ ಅಂದರೆ ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲು ಊದೋ ಕಾಯಿಲೆ. ನೋವು ಒಂದು ವಾರದಲ್ಲಿ ತಾನಾಗಿ ಇಳೀತು. ಮೂರು ವಾರ ಬಿಟ್ಟು ಇನ್ನೊಬ್ಬ ಡಾಕ್ಟರ್ ಮತ್ತೆ ಪರೀಕ್ಷೆ ಮಾಡಿಸಿದರು. ಈ ಸಲ 9.1! ಗೌಟ್ ಅಂದರು, ಮಾತ್ರೆ ಬರೆದರು. ಇನ್ನೂ ಶುರು ಮಾಡಿಲ್ಲ.

ಈಗ ಮನೆಯಲ್ಲಿ ಎಲ್ಲರೂ ಡಾಕ್ಟರೇ. ತೊಗರಿಬೇಳೆ ಬಿಡು, ಟೊಮೆಟೊ ಬಿಡು, ಬದನೆ ಬಿಡು, ಪಾಲಕ್ ಬಿಡು, ಹುರುಳಿ ಬಿಡು. ಹೆಂಡತಿ ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದಾಳೆ, ಒಟ್ಟು 31 ಐಟಂ. ಉಳಿದಿರೋದು ಅನ್ನ, ಉಪ್ಪಿನಕಾಯಿ, ಗಾಳಿ. ಚಿಕ್ಕಪ್ಪ ಅಮೃತಬಳ್ಳಿ ಕಷಾಯ ಕುಡಿ ಸಾಕು, ಇಂಗ್ಲಿಷ್ ಮಾತ್ರೆ ಹಿಡಿದರೆ ಸಾಯೋವರೆಗೂ ಬಿಡಲ್ಲ ಅಂತಾರೆ. ಅನುಭವ ಇದ್ದವರು ಹೇಳಿ.

ಅವರೆಮೇಳ

ಸರ್, ಬೇಳೆ ವಿಷಯದಲ್ಲಿ ನಮ್ಮ ಅಮ್ಮನ ಕಥೆ ಕೇಳಿ. 67 ವರ್ಷ. ಯೂರಿಕ್ ಆಸಿಡ್ 8.3 ಬಂತು. ಯಾರೋ ಬೇಳೆ, ಕಾಳು ಎಲ್ಲ ನಿಲ್ಲಿಸಿ ಅಂದರು. ಒಂದೂವರೆ ವರ್ಷ ಅನ್ನ ಮಜ್ಜಿಗೆ, ಅನ್ನ ತಿಳಿ ಸಾರು. ನಮ್ಮದು ಮೊದಲಿಂದ ಸಸ್ಯಾಹಾರ, ಬೇಳೆಯೂ ಹೋದರೆ ಇನ್ನೇನಿದೆ? ಮೆಟ್ಟಿಲು ಹತ್ತೋಕೂ ಶಕ್ತಿ ಇರಲಿಲ್ಲ. ಮತ್ತೆ ಪರೀಕ್ಷೆ ಮಾಡಿಸಿದರೆ 8.1!

ಆಮೇಲೆ ಒಬ್ಬರು ಡಾಕ್ಟರ್ ಅಮ್ಮನ ಬಿಪಿ ಮಾತ್ರೆಯ ಹಾಳೆ ತಿರುಗಿಸಿ ಓದಿದರು. ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಅಂತ ನೀರಿಳಿಸೋ ಔಷಧಿ ಸೇರಿತ್ತು. ಅದು ಯೂರಿಕ್ ಆಸಿಡನ್ನು ಹೊರಗೆ ಹೋಗೋಕೆ ಬಿಡಲ್ಲವಂತೆ. ಅದನ್ನು ಬಿಡಿಸಿ ಲೊಸಾರ್ಟಾನ್ ಕೊಟ್ಟರು. ನಾಲ್ಕು ತಿಂಗಳಲ್ಲಿ 6.6. ಬೇಳೆ ಸಾರು ವಾಪಸ್ ಬಂತು, ಡಿಸೆಂಬರಲ್ಲಿ ಅವರೆಕಾಳು ಉಪ್ಪಿಟ್ಟು ಕೂಡ. ಬಿಪಿ ಮಾತ್ರೆ ನೀವೇ ನಿಲ್ಲಿಸಬೇಡಿ ಮತ್ತೆ. ಡಾಕ್ಟರ್ ಮುಂದೆ ಹಾಳೆ ಇಟ್ಟು ಕೇಳಿ, ಅಷ್ಟೇ.

ಹಳ್ಳಿಡಾಕ್ಟ್ರು

ತಾಲ್ಲೂಕು ಮಟ್ಟದಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ವಾರಕ್ಕೆ ಇಬ್ಬರು ಮೂವರಾದರೂ ಹೀಗೆ ಕುಂಟಿಕೊಂಡು ಬರುತ್ತಾರೆ, ಅದೂ ಸೋಮವಾರ ಜಾಸ್ತಿ. ಯಾಕೆ ಅಂತ ನೀವೇ ಊಹಿಸಿ.

ಪಾನಕ ಮಾಡುವಾಗ ಬೆಲ್ಲ ಹಾಕುತ್ತಾ ಹೋಗಿ. ಒಂದು ಹದದವರೆಗೆ ಕರಗುತ್ತೆ, ಆಮೇಲೆ ತಳದಲ್ಲಿ ಕೂರುತ್ತೆ. ರಕ್ತದಲ್ಲಿ ಯೂರಿಕ್ ಆಸಿಡ್ ಕೂಡ ಹಾಗೇ. ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಕರಗಿ ಉಳಿಯೋದು ಕಷ್ಟ. ಸೂಜಿಯಂಥ ಹರಳಾಗಿ ಕೀಲಿನಲ್ಲಿ ಕೂರುತ್ತೆ. ತಂಪಿರುವ ಕಡೆ ಇನ್ನೂ ಬೇಗ ಕೂರುತ್ತೆ. ದೇಹದಲ್ಲಿ ಹೃದಯಕ್ಕೆ ದೂರ, ತಂಪು ಜಾಸ್ತಿ ಇರೋ ಕೀಲು ಯಾವುದು? ಹೆಬ್ಬೆರಳಿನದು. ನಡುರಾತ್ರಿಯಲ್ಲೇ ಯಾಕೆ ಹಿಡಿಯುತ್ತೆ ಅನ್ನೋದಕ್ಕೂ ಇದೇ ಒಂದು ಕಾರಣ. ಮೈ ತಂಪಾಗಿರುತ್ತೆ, ನೀರು ಕುಡಿದು ಗಂಟೆಗಳಾಗಿರುತ್ತೆ.

ನಿಮ್ಮ 6.4 ಬಗ್ಗೆ. ನೋವು ಜೋರಾಗಿ ಇರುವಾಗ ರಕ್ತದ ಮಟ್ಟ ಇಳಿದು ಕಾಣಬಹುದು. ಅದನ್ನು ನೋಡಿ ಗೌಟ್ ಇಲ್ಲ ಅನ್ನೋದು ತಪ್ಪು. ಎರಡು ವಾರ ಬಿಟ್ಟು ಮತ್ತೆ ಮಾಡಿಸಬೇಕು. ನಿಮ್ಮ ಎರಡನೇ ಡಾಕ್ಟರ್ ಸರಿಯಾಗಿಯೇ ಮಾಡಿದ್ದಾರೆ.

ಇನ್ನು ಬೇಳೆ. ದೇಹದ ಯೂರಿಕ್ ಆಸಿಡ್‌ನಲ್ಲಿ ಊಟದಿಂದ ಬರೋದು ಮೂರನೇ ಒಂದು ಭಾಗದಷ್ಟು. ಉಳಿದಿದ್ದು ನಮ್ಮದೇ ಜೀವಕೋಶಗಳ ಕಸ. ಗೌಟ್ ಇರುವ ಹೆಚ್ಚಿನವರಲ್ಲಿ ತೊಂದರೆ ಇರೋದು ತಿನ್ನೋದರಲ್ಲಿ ಅಲ್ಲ, ಕಿಡ್ನಿ ಅದನ್ನು ಹೊರಗೆ ಹಾಕೋದರಲ್ಲಿ. ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಒಂದು ಅಧ್ಯಯನ ಬಂತು. ಮಾಂಸ, ಮೀನು ಜಾಸ್ತಿ ತಿಂದವರಿಗೆ ಗೌಟ್ ಜಾಸ್ತಿ. ಹಾಲು, ಮೊಸರು ತಗೊಂಡವರಿಗೆ ಕಡಿಮೆ. ಪ್ಯೂರಿನ್ (ದೇಹದಲ್ಲಿ ಯೂರಿಕ್ ಆಸಿಡ್ ಆಗೋ ಅಂಶ) ಇರುವ ಕಾಳು, ಪಾಲಕ್, ಅಣಬೆ ತಿಂದವರಿಗೆ ಏನೂ ಹೆಚ್ಚಾಗಲಿಲ್ಲ. ಆದರೂ ನಮ್ಮಲ್ಲಿ ಮೊದಲು ನಿಲ್ಲಿಸೋದು ಬೇಳೆ, ಕೊನೆಗೆ ನಿಲ್ಲಿಸೋದು ಬಿಯರ್!

ಬೂತಾಯಿ ಪ್ರಿಯ

ಉಡುಪಿ ಕಡೆಯವನು. ಹೆಸರಲ್ಲೇ ಗೊತ್ತಾಗುತ್ತೆ ನನ್ನ ಕಷ್ಟ. ಬೂತಾಯಿ, ಬಂಗುಡೆ, ಕೊಲ್ಲತರು, ಮಳೆಗಾಲದಲ್ಲಿ ಒಣಮೀನು. ಪಟ್ಟಿ ನೋಡಿದರೆ ಎಲ್ಲ ನನ್ನ ತಟ್ಟೆಯಲ್ಲಿ ಇರೋದೇ.

ಅಪ್ಪನಿಗೂ ಇತ್ತು. ಆಗ ಯಾರಿಗೆ ಗೊತ್ತು ಗೌಟ್ ಅಂತ? ವಾತ ಅಂತಿದ್ದರು. ಕಿವಿಯ ಅಂಚಿನಲ್ಲಿ, ಬೆರಳ ಗೆಣ್ಣಿನಲ್ಲಿ ಸಣ್ಣ ಸಣ್ಣ ಗಂಟು. ಒಂದು ದಿನ ಗದ್ದೆ ಬದುವಿಗೆ ಕೈ ತಾಗಿ ಗೆಣ್ಣಿನ ಗಂಟು ಒಡೀತು. ಕೀವು ಬರುತ್ತೆ ಅಂದುಕೊಂಡರೆ ಎಲೆಗೆ ಹಚ್ಚೋ ಸುಣ್ಣದ ಹಾಗೆ ಬೆಳ್ಳಗೆ, ಗಟ್ಟಿ ಗಟ್ಟಿ ಬಂತು. ಅಜ್ಜಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿ ‘ಇದೆಂಥದ್ದು, ಮರಳು ಮರಳು’ ಅಂದರು. ಆ ಗಾಯ ಒಣಗೋಕೆ ಎರಡು ತಿಂಗಳು ಹಿಡೀತು. ಕೊನೆಗೆ ಕಿಡ್ನಿಯೂ ಹೋಯ್ತು ಅವರಿಗೆ.

ಅದಕ್ಕೇ ನನಗೆ ಹಿಡಿದಾಗ ನಾನು ತಡ ಮಾಡಲಿಲ್ಲ. ಯೂರಿಕ್ ಆಸಿಡ್ ಇಳಿಸೋ ಅಲೋಪ್ಯೂರಿನಾಲ್ ಮಾತ್ರೆ ಶುರು ಮಾಡಿ ಆರು ವರ್ಷ. ಮೀನು ಪೂರ್ತಿ ಬಿಟ್ಟಿಲ್ಲ. ಭಾನುವಾರ ಒಂದು ಹೊತ್ತು, ಎರಡು ತುಂಡು. ಒಣಮೀನು ಚಟ್ನಿ ಮಾತ್ರ ಮನೆಗೇ ಬರಲ್ಲ. ಅದರ ವಾಸನೆ ಬಂದರೆ ನಾನು ನಂಬಿಕೆಗೆ ಅರ್ಹ ಅಲ್ಲ.

ಬೆಣ್ಣೆದೋಸೆ

ಇಷ್ಟೆಲ್ಲ ಯಾಕೆ? ನಮ್ಮ ಮಾವನಿಗೆ ಎಂಟು ವರ್ಷದ ನೋವು. ಒಬ್ಬರು ಡಬ್ಬಿಯಲ್ಲಿ ಪುಡಿ ಕೊಡುತ್ತಾರೆ, 1,500 ರೂಪಾಯಿ. ಎರಡೇ ದಿನದಲ್ಲಿ ನೋವು ಮಾಯ. ಊಟ ಏನು ಬೇಕಾದರೂ ತಿನ್ನಬಹುದು. ಪಕ್ಕಾ ಆಯುರ್ವೇದ, ಸೈಡ್ ಎಫೆಕ್ಟ್ ಇಲ್ಲ. ಅಲೋಪತಿಯವರಿಗೆ ಜೀವನಪೂರ್ತಿ ಗಿರಾಕಿ ಬೇಕು, ಅದಕ್ಕೇ ಇದನ್ನು ಹೇಳಲ್ಲ.

ಕಷಾಯದಂಗಡಿ

ಬೆಣ್ಣೆದೋಸೆ ಅವರೇ, ನಾನು ಆಯುರ್ವೇದ ಓದಿ 19 ವರ್ಷದಿಂದ ಶಿವಮೊಗ್ಗ ಕಡೆ ಚಿಕಿತ್ಸೆ ಕೊಡುತ್ತಿದ್ದೇನೆ. ಎಂಟು ವರ್ಷದ ನೋವನ್ನು ಎರಡು ದಿನದಲ್ಲಿ ಮಾಯ ಮಾಡೋ ಬೇರು ನನಗಂತೂ ಸಿಕ್ಕಿಲ್ಲ. ಡಬ್ಬಿ ಮೇಲೆ ಏನೇನು ಹಾಕಿದ್ದಾರೆ ಅಂತ ಬರೆದಿದೆಯಾ? ಲೈಸೆನ್ಸ್ ನಂಬರ್ ಇದೆಯಾ? ಮಾವನ ಮುಖ ದುಂಡಗಾಗಿದೆಯಾ, ಕೆನ್ನೆ ಉಬ್ಬಿದೆಯಾ? ಶುಗರ್ ಏರಿದೆಯಾ? ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರೋದು ಹೊಸ ಸುದ್ದಿ ಅಲ್ಲ. ಅವರ ಪುಡಿ, ನಮ್ಮ ಶಾಸ್ತ್ರಕ್ಕೆ ಕೆಟ್ಟ ಹೆಸರು.

ಈಗ ಕಬ್ಬಿನಗದ್ದೆ ಅವರಿಗೆ. ನಮ್ಮಲ್ಲಿ ಇದನ್ನು ವಾತರಕ್ತ ಅನ್ನುತ್ತಾರೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 29ನೇ ಅಧ್ಯಾಯ ಪೂರ್ತಿ ಇದಕ್ಕೇ ಇದೆ. ಇನ್ನೊಂದು ಹೆಸರು ಆಢ್ಯವಾತ. ಆಢ್ಯ ಅಂದರೆ ಉಳ್ಳವರು. ಮೈ ಬಗ್ಗಿಸದೆ ಉಂಡು ಮಲಗೋರಿಗೆ ಬರೋ ಕಾಯಿಲೆ. ಸುಶ್ರುತ ಹೇಳೋದು ಇನ್ನೂ ಚೆನ್ನ: ಕಾಲಲ್ಲಿ, ಕೆಲವೊಮ್ಮೆ ಕೈಯಲ್ಲಿ ಬೇರು ಬಿಟ್ಟು ಇಲಿ ವಿಷದ ಹಾಗೆ ಮೈಗೆಲ್ಲ ಹರಡುತ್ತೆ ಅಂತ. ಒಂದು ಮಾತು. ವಾತರಕ್ತ ಅನ್ನೋದು ದೊಡ್ಡ ಚೀಲ. ಗೌಟ್ ಅದರೊಳಗೆ ಬರುತ್ತೆ, ಬೇರೆ ಕೆಲವು ಕಾಯಿಲೆಯೂ ಬರುತ್ತೆ. ಎರಡೂ ಒಂದೇ ಅಂತ ಗೆರೆ ಎಳೆಯೋದು ಸರಿಯಲ್ಲ.

ಕಾರಣಗಳ ಪಟ್ಟಿಯಲ್ಲಿ ಜಾಸ್ತಿ ಉಪ್ಪು, ಹುಳಿ, ನೀರಲ್ಲಿ ಇರೋ ಪ್ರಾಣಿಗಳ ಮಾಂಸ, ಒಣ ಮಾಂಸ, ಮದ್ಯ, ಹಗಲು ನಿದ್ದೆ, ರಾತ್ರಿ ಜಾಗರಣೆ ಇವೆ. ಬೀಗರೂಟಕ್ಕೆ ಹೊಂದುತ್ತೆ ಅಲ್ವಾ? ಅದೇ ಪಟ್ಟಿಯಲ್ಲಿ ಹುರುಳಿ, ಉದ್ದು, ಅವರೆ, ಮೊಸರು, ಮಜ್ಜಿಗೆಯೂ ಇವೆ. ಕಬ್ಬು ಕೂಡ ಇದೆ, ನಿಮ್ಮ ಹೆಸರು ನೋಡಿ ನೆನಪಾಯ್ತು. ಆದರೆ ತೊಗರಿ ನಿಲ್ಲಿಸು ಅಂತ ಅಲ್ಲಿ ಇಲ್ಲ, ಹೆಸರುಕಾಳನ್ನು ಪಥ್ಯ ಅಂತಲೇ ಹೇಳಿದೆ. ಹಾಗಲಕಾಯಿ, ಹಳೇ ಅಕ್ಕಿ, ಗೋಧಿ, ಜವೆ, ಹಸುವಿನ ಹಾಲು ಕೂಡ ಪಥ್ಯವೇ.

ಮೊಸರಿನ ವಿಷಯದಲ್ಲಿ ಡಾಕ್ಟ್ರು ಹೇಳಿದ್ದಕ್ಕೂ ಇದಕ್ಕೂ ತಾಳೆ ಆಗಲ್ಲ. ನಾನು ನನ್ನ ರೋಗಿಗಳಿಗೆ ಬೆಣ್ಣೆ ತೆಗೆದ ತೆಳು ಮಜ್ಜಿಗೆ ಮಧ್ಯಾಹ್ನ ಕುಡಿಯಿರಿ ಅಂತಲೇ ಹೇಳುತ್ತೇನೆ. ಹುಳಿ ಮೊಸರು ರಾತ್ರಿ ಬೇಡ. ಹುರುಳಿ ಕಟ್ಟಿನ ಸಾರು ಹದಿನೈದು ದಿನಕ್ಕೊಮ್ಮೆ ತಿಂದರೆ ಆಕಾಶ ಬೀಳಲ್ಲ.

ಔಷಧಿಯಲ್ಲಿ ಅಮೃತಬಳ್ಳಿಗೇ ಮೊದಲ ಜಾಗ. ಕೈಶೋರ ಗುಗ್ಗುಳು, ಕೊಳವಳಿಕೆಯಿಂದ ಮಾಡೋ ಕೋಕಿಲಾಕ್ಷ ಕಷಾಯ, ಮೇಲೆ ಹಚ್ಚೋಕೆ ಪಿಂಡ ತೈಲ. ಕೆಂಪಗೆ ಉರಿಯುತ್ತಿರುವಾಗ ತಿಕ್ಕೋದು, ಎಳೆಯೋದು, ಬಿಸಿ ಶಾಖ ಕೊಡೋದು ಬೇಡವೇ ಬೇಡ. ಮೊದಲ ಸಲದ ಜೋರು ನೋವಿಗೆ ಇವು ಯಾವುದೂ ಡಾಕ್ಟ್ರ ಮಾತ್ರೆಯಷ್ಟು ಬೇಗ ಕೆಲಸ ಮಾಡಲ್ಲ. 9.1 ಇರೋರಿಗೆ ಬರೀ ಕಷಾಯ ಸಾಕು ಅಂತ ನಾನು ಹೇಳಲ್ಲ. ಇದನ್ನು ಹೇಳಿದ್ದಕ್ಕೆ ನನ್ನ ಸಹಪಾಠಿಗಳೇ ಬೈಯಬಹುದು.

ಹಳ್ಳಿಡಾಕ್ಟ್ರು

ಕಷಾಯದಂಗಡಿ ಸರ್, ನಿಮ್ಮಂಥವರು ಪಕ್ಕದ ಊರಲ್ಲಿದ್ದರೆ ನನ್ನ ಕೆಲಸ ಅರ್ಧ ಆಗ್ತಿತ್ತು.

ಅಮೃತಬಳ್ಳಿ ಬಗ್ಗೆ ಒಂದು ಸೇರಿಸುತ್ತೇನೆ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ತಗೊಂಡ ಆರು ಜನರಲ್ಲಿ ಲಿವರ್ ತೊಂದರೆ ಕಂಡಿದ್ದನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರು ತಗೊಂಡಿದ್ದು ಅಮೃತಬಳ್ಳಿಯೇ ಹೌದಾ ಅಂತ ಖಚಿತ ಮಾಡಿಕೊಂಡಿಲ್ಲ, ಅದೇ ಜಾತಿಯ ಬೇರೆ ಬಳ್ಳಿಯೂ ಇರಬಹುದು ಅಂದಿತು. ನನ್ನ ಮಟ್ಟಿಗೆ ಇಷ್ಟೇ: ಕುಡಿಯುತ್ತಿದ್ದರೆ ಡಾಕ್ಟರಿಗೆ ಹೇಳಿ, ಲಿವರ್ ಪರೀಕ್ಷೆ ಮಾಡಿಸಿ. ತುಂಬಾ ಜನ ‘ಔಷಧಿ ಏನಾದರೂ ತಗೋತೀರಾ’ ಅಂದರೆ ಇಲ್ಲ ಅಂತಾರೆ. ಕಷಾಯವನ್ನು ಔಷಧಿ ಲೆಕ್ಕಕ್ಕೇ ಹಿಡಿಯಲ್ಲ.

ಗೌರಿಹೂ

ತೀರ್ಥಹಳ್ಳಿ ಕಡೆಯವಳು. ಇಲ್ಲಿ ಗೌಟ್ ನೋವಿಗೆ ಕೊಡೋ ಕೊಲ್ಚಿಸಿನ್ ಮಾತ್ರೆ ಹೆಸರು ಬರುತ್ತೆ ಅಂತ ಕಾಯ್ತಿದ್ದೆ. ಗೌರಿ ಹಬ್ಬದ ಹೊತ್ತಿಗೆ ಬೇಲಿಯಲ್ಲಿ ಬೆಂಕಿ ನಾಲಿಗೆ ಹಾಗೆ ಕೆಂಪು ಹಳದಿ ಹೂ ಬಿಡುತ್ತಲ್ಲ, ನಾವು ಗೌರಿ ಹೂ ಅನ್ನೋದು, ಸಂಸ್ಕೃತದಲ್ಲಿ ಲಾಂಗಲಿ. ಆ ಗಿಡದಲ್ಲಿ ಇರೋದು ಅದೇ ಕೊಲ್ಚಿಸಿನ್. ತಮಿಳುನಾಡಿನಲ್ಲಿ ಅದರ ಬೀಜಕ್ಕಾಗಿ ಬೇಸಾಯವನ್ನೇ ಮಾಡುತ್ತಾರೆ. ಹಾಗಂತ ಯಾರೂ ಗಡ್ಡೆ ಕಿತ್ತು ತೇಯ್ದು ಕುಡಿಯಬೇಡಿ. ಘೋರ ವಿಷ, ಪ್ರಾಣ ಹೋಗುತ್ತೆ. ‘ಗಿಡಮೂಲಿಕೆ ಅಂದಮೇಲೆ ಅಪಾಯ ಇಲ್ಲ’ ಅನ್ನೋರಿಗೆ ನಾನು ಈ ಹೂ ತೋರಿಸುತ್ತೇನೆ.

ಮರಳುಗಾಡಿನ ಕನ್ನಡಿಗ

ಕುವೈತ್‌ನಲ್ಲಿ ಸೈಟ್ ಕೆಲಸ. ಮದ್ಯ ಇಲ್ಲಿ ಸಿಗೋದೇ ಇಲ್ಲ, ಮಾಂಸ ವಾರಕ್ಕೊಮ್ಮೆ. ಆದರೂ ಗೌಟ್. ನನ್ನ ತಪ್ಪು ಎಲ್ಲಿತ್ತು ಗೊತ್ತಾ? ಬೇಸಿಗೆಯಲ್ಲಿ ಬೆವರು ಸುರೀತಿದ್ದರೂ ನೀರು ಕುಡಿಯದೆ ದಿನಕ್ಕೆ ನಾಲ್ಕು ಕ್ಯಾನ್ ಕೋಲಾ, ಊಟದ ಜೊತೆ ಪ್ಯಾಕೆಟ್ ಜ್ಯೂಸ್. ಅದರಲ್ಲಿರುವ ಫ್ರಕ್ಟೋಸ್ ಲಿವರ್‌ನಲ್ಲಿ ಒಡೆಯುವಾಗಲೇ ಯೂರಿಕ್ ಆಸಿಡ್ ಹುಟ್ಟುತ್ತಂತೆ. ಮಾಂಸ ಬಿಟ್ಟು ‘ಆರೋಗ್ಯಕ್ಕೆ’ ಅಂತ ಜ್ಯೂಸ್ ಕುಡಿಯೋರು ಇದನ್ನು ನೋಡಿಕೊಳ್ಳಿ. ಸಕ್ಕರೆ ಹಾಕದ ಕಾಫಿಯಿಂದ ಮಾತ್ರ ತೊಂದರೆ ಇಲ್ಲ, ಒಳ್ಳೇದೇ ಅಂದರು ಡಾಕ್ಟರ್. ಚಿಕ್ಕಮಗಳೂರಿನವನಿಗೆ ಅಷ್ಟು ಸಾಕು.

ಇನ್ನೊಂದು. ತೂಕ ಇಳಿಸೋಣ ಅಂತ ಮೂರು ದಿನ ಬರೀ ನೀರಿನಲ್ಲಿ ಉಪವಾಸ ಮಾಡಿದೆ. ನಾಲ್ಕನೇ ದಿನ ಪಾದ ಊದಿತು. ಕಟ್ಟುನಿಟ್ಟು ಉಪವಾಸದಲ್ಲೂ ಯೂರಿಕ್ ಆಸಿಡ್ ಏರುತ್ತೆ. ತೂಕ ನಿಧಾನ ಇಳಿಸಿ.

ಪ್ಯಾಕೇಜ್ ಚೆಕಪ್

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಆಫೀಸಿನ ಚೆಕಪ್‌ನಲ್ಲಿ 7.6 ಬಂದಿದೆ. ಕೀಲು ನೋವು ಯಾವತ್ತೂ ಬಂದಿಲ್ಲ. ಬೆಳಿಗ್ಗೆ ಎದ್ದಾಗ ಹಿಮ್ಮಡಿ ಮಾತ್ರ ನೋಯುತ್ತೆ, ನಾಲ್ಕು ಹೆಜ್ಜೆ ನಡೆದರೆ ಸರಿ ಹೋಗುತ್ತೆ. ಮಾತ್ರೆ ಶುರು ಮಾಡಲಾ?

ಹಳ್ಳಿಡಾಕ್ಟ್ರು

ನೀವು ಹೇಳುತ್ತಿರೋ ಹಿಮ್ಮಡಿ ನೋವು ಗೌಟ್ ತರಹ ಇಲ್ಲ, ಪಾದದ ಅಡಿಯ ಪೊರೆಯದ್ದು ಇರಬಹುದು, ತೋರಿಸಿ. ಗೌಟ್ ಬಾರದೆ, ಕಿಡ್ನಿಯಲ್ಲಿ ಕಲ್ಲು ಇಲ್ಲದೆ, ಬರೀ 7.6 ಇದ್ದರೆ ಸಾಮಾನ್ಯವಾಗಿ ಮಾತ್ರೆ ಬೇಡ. ತೂಕ, ಬಿಪಿ, ಶುಗರ್, ಕಿಡ್ನಿ ನೋಡಿಸಿಕೊಳ್ಳಿ. ಸುಮ್ನೆ ನಂಬರಿಗೆ ಹೆದರಬೇಡಿ.

ಕಬ್ಬಿನಗದ್ದೆ ಅವರದ್ದು ಬೇರೆ ಕಥೆ. ನೋವು ಬಂದಾಗಿದೆ, 9 ದಾಟಿದೆ. ಪಥ್ಯ ಎಷ್ಟೇ ಮಾಡಿದರೂ ಸಾಮಾನ್ಯವಾಗಿ ಇಳಿಯೋದು ಒಂದು ಪಾಯಿಂಟ್ ಆಸುಪಾಸು. 9.1ರಿಂದ 6ರ ಕೆಳಗೆ ಬರೋಕೆ ಅದು ಸಾಲದು. ನಿಮ್ಮ ಡಾಕ್ಟರ್ ಕಿಡ್ನಿ ನೋಡಿ ಸಣ್ಣ ಡೋಸಿನಿಂದ ಶುರು ಮಾಡಿ, ಪರೀಕ್ಷೆ ನೋಡಿ ಏರಿಸುತ್ತಾರೆ. ಶುರುವಿನ ತಿಂಗಳುಗಳಲ್ಲಿ ಹಳೇ ಹರಳು ಕರಗುವಾಗ ನೋವು ಮರುಕಳಿಸೋದು ಇದೆ. ಅದಕ್ಕೇ ಮೂರರಿಂದ ಆರು ತಿಂಗಳು ಕೊಲ್ಚಿಸಿನ್ ಜೊತೆಗೆ ಕೊಡೋದು. ನೂರಕ್ಕೆ ಎಷ್ಟೋ ಜನ ಇಲ್ಲೇ ‘ಮಾತ್ರೆಯಿಂದ ನೋವು ಜಾಸ್ತಿ ಆಯ್ತು’ ಅಂತ ಬಿಟ್ಟು ಹೋಗುತ್ತಾರೆ. ಬಿಡಬೇಡಿ. ಆದರೆ ಮೈಮೇಲೆ ಗುಳ್ಳೆ, ಕೆಂಪು ಕಲೆ ಎದ್ದರೆ ಅಲೋಪ್ಯೂರಿನಾಲ್ ಅವತ್ತೇ ನಿಲ್ಲಿಸಿ ಓಡಿ ಬನ್ನಿ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಮತ್ತೆ, ಮೆಡಿಕಲ್ ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ನುಂಗೋದು ಕಿಡ್ನಿಗೆ ಕೇಡು.

ಬೆಣ್ಣೆದೋಸೆ

ಮೊನ್ನೆ ಜೋರಾಗಿ ಬರೆದೆ, ಬೇಜಾರಾಗಬೇಡಿ. ನಿನ್ನೆ ಮಾವನ ಮನೆಗೆ ಹೋಗಿದ್ದೆ. ಡಬ್ಬಿ ಮೇಲೆ ದೇವರ ಫೋಟೋ, ಮೊಬೈಲ್ ನಂಬರ್ ಬಿಟ್ಟು ಏನೂ ಇಲ್ಲ. ಮುಖ ಉಬ್ಬಿರೋದು ನಿಜ. ನಾವು ನೋವು ಹೋಗಿ ಮೈಗೆ ಹತ್ತಿದೆ ಅಂದುಕೊಂಡಿದ್ವಿ. ಶುಗರ್ ನೋಡಿಸಿದರೆ 280. ಮೊದಲು ಶುಗರ್ ಇರಲೇ ಇಲ್ಲ. ಪುಡಿ ಇವತ್ತೇ ಬಿಡಿಸಲಾ?

ಹಳ್ಳಿಡಾಕ್ಟ್ರು

ಒಮ್ಮೆಲೇ ಬಿಡಿಸಬೇಡಿ ಸರ್. ತಿಂಗಳುಗಟ್ಟಲೆ ಸ್ಟಿರಾಯ್ಡ್ ಹೋಗಿದ್ದರೆ ಥಟ್ಟನೆ ನಿಲ್ಲಿಸೋದೂ ಅಪಾಯ. ಡಬ್ಬಿ ಸಮೇತ ನಾಳೆಯೇ ಫಿಜಿಷಿಯನ್ ಹತ್ತಿರ ಕರೆದುಕೊಂಡು ಹೋಗಿ. ಬೈಸಿಕೊಳ್ಳೋಕೆ ಹೆದರಿ ಡಬ್ಬಿ ಮುಚ್ಚಿಡಬೇಡಿ.

ಕಬ್ಬಿನಗದ್ದೆ (ಐದು ತಿಂಗಳ ನಂತರ)

ಹಲವರು ಮೆಸೇಜ್ ಮಾಡಿ ಕೇಳಿದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಮಾತ್ರೆ ಶುರು ಮಾಡಿದೆ, 100 ಮಿಲಿಗ್ರಾಂನಿಂದ ಈಗ 300. ಐದನೇ ವಾರ ಮತ್ತೆ ಹೆಬ್ಬೆರಳು ಹಿಡಿಯಿತು. ಇಲ್ಲಿ ಓದಿರದಿದ್ದರೆ ಖಂಡಿತ ಮಾತ್ರೆ ಬಿಸಾಡುತ್ತಿದ್ದೆ. ಬಟ್ಟೆಯಲ್ಲಿ ಐಸ್ ಸುತ್ತಿ ಇಟ್ಟುಕೊಂಡೆ, ಡಾಕ್ಟರ್ ಹೇಳಿದ ಹಾಗೆ ಮಾಡಿದೆ, ಮೂರು ದಿನದಲ್ಲಿ ಹೋಯ್ತು. ಆಮೇಲೆ ಬಂದಿಲ್ಲ. ಹೋದ ವಾರದ ಪರೀಕ್ಷೆಯಲ್ಲಿ 5.7. ತೂಕ 85.

ಬೇವಿನ ಮರಕ್ಕೆ ಅಮೃತಬಳ್ಳಿ ಹಬ್ಬಿಸಿದ್ದೇನೆ. ನಮ್ಮೂರ ಆಯುರ್ವೇದ ವೈದ್ಯರು ಎರಡು ತಿಂಗಳು ಕುಡಿಸಿ ನಿಲ್ಲಿಸಿದರು, ಲಿವರ್ ಪರೀಕ್ಷೆ ಸರಿ ಇತ್ತು. ಇಳಿದಿದ್ದು ಕಷಾಯದಿಂದಲಾ ಮಾತ್ರೆಯಿಂದಲಾ ಅಂತ ಚಿಕ್ಕಪ್ಪನಿಗೂ ನನಗೂ ಇನ್ನೂ ಜಗಳ ಇದೆ. ಬಿಯರ್ ಬಿಟ್ಟೆ. ಅದಕ್ಕಿಂತ ಕಷ್ಟ ಆಗಿದ್ದು ಕಬ್ಬಿನ ಹಾಲು ಬಿಟ್ಟಿದ್ದು. ಆಲೆಮನೆ ಪಕ್ಕದಲ್ಲೇ ಮನೆ, ಮೂಗು ಮುಚ್ಚಿಕೊಂಡು ಓಡಾಡಬೇಕು.

ಫ್ರಿಜ್ ಮೇಲಿನ ಚೀಟಿಯಲ್ಲಿ ಹೆಂಡತಿ ಒಂದೊಂದೇ ಹೆಸರಿಗೆ ಗೀಟು ಹಾಕುತ್ತಾ ಬಂದಳು. ಬೇಳೆ, ಟೊಮೆಟೊ, ಬದನೆ, ಪಾಲಕ್ ಎಲ್ಲ ಹೋದವು. 31ರಲ್ಲಿ ಉಳಿದಿರೋದು ಆರು. ಬರೋ ಭಾನುವಾರ ಇನ್ನೊಂದು ಬೀಗರೂಟ ಇದೆ. ಮುದ್ದೆ, ಸಾರು, ಎರಡೇ ತುಂಡು ಅಂತ ಒಪ್ಪಂದ ಆಗಿದೆ.

ಬೂತಾಯಿ ಪ್ರಿಯ

ಸಾರು ಅಂದರೆ ಯಾವ ಸಾರು ಮಾರಾಯ್ರೇ? ಕಾಲು ಸೂಪಲ್ಲ ತಾನೇ?

ಕಬ್ಬಿನಗದ್ದೆ

ಅದನ್ನೇ ಹೆಂಡತಿಯೂ ಕೇಳಿದಳು. ಚೀಟಿಯಲ್ಲಿ ಏಳನೇದಾಗಿ ಸೇರಿಸಿಬಿಟ್ಟಿದ್ದಾಳೆ.